99 ಬಿಟ್ಟು ಒಂದರ ಹಿಂದೆ ಹೋಗೋ ಕುರುಬ ಬುದ್ಧಿವಂತನಾ? ಕುರಿ ಕಾದವರು ಹೇಳ್ರಿ

ಮಂಡಕ್ಕಿ ಮೇಷ್ಟ್ರು (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಾನು ಭಾನುವಾರ ಚರ್ಚಲ್ಲಿ ಮಕ್ಕಳಿಗೆ ಬೈಬಲ್ ಪಾಠ ಮಾಡ್ತೀನಿ. ಈ ಸಲ ಲೂಕ 15ರ ಕಳೆದುಹೋದ ಕುರಿ ಸಾಮ್ಯ, ಅಂದ್ರೆ ಯೇಸು ಹೇಳಿದ ಒಂದು ನೀತಿಕತೆ, ತಗೊಂಡಿದ್ದೆ. ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ, 100 ಕುರಿ ಇರೋ ಒಬ್ಬ, ಅದರಲ್ಲಿ ಒಂದು ತಪ್ಪಿಸ್ಕೊಂಡಿದೆ, ಉಳಿದ 99ನ್ನ ಅಡವೀಲೇ ಬಿಟ್ಟು ಆ ಒಂದನ್ನ ಹುಡುಕ್ಕೊಂಡು ಹೋಗ್ತಾನೆ, ಸಿಕ್ಕಮೇಲೆ ಹೆಗಲ ಮೇಲೆ ಹೊತ್ಕೊಂಡು ಬಂದು ಅಕ್ಕಪಕ್ಕದವರನ್ನ ಕರೆದು ಖುಷಿಪಡ್ತಾನೆ. ದೇವರು ಹಿಂಗೇ ನಮ್ಮನ್ನ ಹುಡುಕ್ತಾನೆ ಅಂತ ನಾನು ಮುಗಿಸೋಕೆ ಹೊರಟಿದ್ದೆ, ಅಷ್ಟರಲ್ಲಿ ಹಿಂದೆ ಕೂತಿದ್ದ ಹುಡುಗ ಒಬ್ಬ ಕೈ ಎತ್ತಿದ. ಅವರಜ್ಜ ಜಗಳೂರು ಕಡೆ ಕುರಿ ಸಾಕ್ತಾರಂತೆ. "ಸಾರ್ ಅಷ್ಟೊತ್ತಿಗೆ ತೋಳ ಬಂದ್ರೆ ಆ 99ರ ಗತಿ ಏನು? ನಮ್ಮಜ್ಜ ಹಂಗೆಲ್ಲ ಬಿಟ್ಟು ಹೋಗಲ್ಲ" ಅಂದ. ಕ್ಲಾಸೆಲ್ಲ ನಗು. ಮುಂದಿನ ವಾರ ಹೇಳ್ತೀನಿ ಅಂತ ಜಾರ್ಕೊಂಡೆ.

ಇಲ್ಲಿ ಚಳ್ಳಕೆರೆ, ಹಿರಿಯೂರು, ಜಗಳೂರು ಕಡೆಯವರು ಬೇಕಾದಷ್ಟು ಜನ ಇದೀರಿ. ನಿಜವಾಗಿ ಕುರಿ ಕಾದವರು ಏನು ಮಾಡ್ತಾರೆ? ಆ ಹುಡುಗನಿಗೆ ಏನು ಉತ್ತರ ಕೊಡ್ಲಿ?

ಹಟ್ಟಿ ಹುಡ್ಗ (ಚಳ್ಳಕೆರೆ)

ಒಬ್ನೇ 100 ಕುರಿ ಹೊಡ್ಕಂಡು ಅಡವೀಗೆ ಯಾರ್ ಹೋಯ್ತಾರೆ ಮೇಷ್ಟ್ರೆ. ನಾವು ಮೂರ್ನಾಲ್ಕು ಮನೆಯೋರು ಮಂದೆ ಕೂಡಿಸ್ಕಂಡು ಹೋಗೋದು. ಮುಂದೆ ಒಬ್ಬ, ಹಿಂದೆ ಒಬ್ಬ, ಪಕ್ಕದಲ್ಲಿ ನಾಯಿ. ಭತ್ತ ಕೊಯ್ದ ಮೇಲೆ ದಾವಣಗೆರೆ ಕಡೆ ಭದ್ರಾ ನೀರಿನ ಗದ್ದೆಗಳಿಗೆ ಇಳೀತೀವಲ್ಲ, ಅವಾಗಂತೂ ಹೆಂಗಸ್ರು ಮಕ್ಳು ಸಮೇತ. ರಾತ್ರಿ ಸುತ್ತ ಬಲೆ ಕಟ್ಟಿ ಒಳಗೆ ಕೂಡೋದು, ಸರದಿ ಮೇಲೆ ಎದ್ದಿರೋದು.

ಒಂದು ಕಾಣಲಿಲ್ಲ ಅಂದ್ರೆ ಒಬ್ಬ ವಾಪಸ್ ಹೋಯ್ತಾನೆ, ಉಳಿದೋರು ಮಂದೆ ನೋಡ್ಕಂತಾರೆ. ಎಣಿಸೋದೂ ಬೇಕಿಲ್ಲ. ಮರಿ ಇಲ್ಲ ಅಂದ್ರೆ ತಾಯಿ ಕುರಿ ಒದರಾಡ್ತದೆ, ತಾಯಿ ಇಲ್ಲ ಅಂದ್ರೆ ಮರಿ ಒದರ್ತದೆ. ನಮ್ಮಪ್ಪ ಸಂಜೆ ರೊಪ್ಪದ ಬಾಗ್ಲಲ್ಲಿ ನಿಂತು ಒಂದೊಂದೇ ಒಳಗೆ ಬಿಡ್ತಾ ಮುಖ ನೋಡೇ "ಬೋಳುಕಿವಿದು ಬಂದಿಲ್ಲ" ಅಂತಿದ್ರು.

ಆ ಹುಡುಗಂಗೆ ಹೇಳ್ರಿ, ಯೇಸು ಕತೇಲಿ ಜೊತೆಗಾರರು ಇದ್ದೇ ಇರ್ತಾರೆ, ಹೇಳಿಲ್ಲ ಅಷ್ಟೆ.

ಪಾಸ್ಟರ್ ಮಗ (ದಾವಣಗೆರೆ)

ಹಟ್ಟಿ ಹುಡ್ಗ ಅವರೆ, ನೀವು ಹೇಳಿದ ಪದ್ಧತಿ ಚೆನ್ನಾಗಿದೆ, ಆದ್ರೆ ಅದನ್ನ ಕತೆಯೊಳಗೆ ತುರುಕಿದ್ರೆ ಕತೆಯ ಖಾರವೇ ಹೋಗುತ್ತೆ. ಯೇಸು ಆ ಮಾತು ಯಾರಿಗೆ ಹೇಳಿದ್ದು ನೋಡ್ರಿ. ಸುಂಕದವರು, ಪಾಪಿಗಳು ಅನ್ನಿಸ್ಕೊಂಡವರ ಜೊತೆ ಕೂತು ಊಟ ಮಾಡ್ತಾನೆ ಅಂತ ಫರಿಸಾಯರು (ಆಗಿನ ಯೆಹೂದಿ ಧರ್ಮದ ಕಟ್ಟುನಿಟ್ಟಿನವರು) ಗೊಣಗ್ತಾ ಇದ್ರು, ಅವರಿಗೆ ಹೇಳಿದ್ದು. ಆ ಗೊಣಗೋರೇ 99. ಲೆಕ್ಕ ತಪ್ಪು ಅನ್ನಿಸ್ಬೇಕು ಅಂತಲೇ ಹಂಗೆ ಹೇಳಿದ್ದು. "ನಿಮ್ಮಲ್ಲಿ ಯಾವನು ಹಿಂಗೆ ಮಾಡಲ್ಲ?" ಅಂತ ಕೇಳ್ತಾನೆ. ಕೇಳಿದವರು ಒಳಗೊಳಗೇ "ನಾನಂತೂ ಮಾಡಲ್ಲಪ್ಪ" ಅಂದ್ಕೊಂಡಿರ್ಬೇಕು.

ಇದೇ ಕತೆ ಮತ್ತಾಯ 18ರಲ್ಲೂ ಇದೆ, ಅಲ್ಲಿ ಕೇಳೋರು ಶಿಷ್ಯರು, ಅಲ್ಲಿ ವಿಷಯ ಸಭೆಯಲ್ಲಿರೋ ಚಿಕ್ಕವರನ್ನ ಯಾರೂ ಕಡೆಗಣಿಸಬಾರದು ಅನ್ನೋದು. ಅಲ್ಲಿ 99 ಇರೋದು ಬೆಟ್ಟದ ಮೇಲೆ, ಲೂಕನಲ್ಲಿ ಅಡವೀಲಿ. ಎರಡರಲ್ಲೂ ಕಾವಲಿನವನು ಇಲ್ಲ.

ನನ್ನ ಉತ್ತರ: ಹುಡುಗ ಸರಿಯಾದ ಜಾಗದಲ್ಲೇ ಎಡವಿದಾನೆ. ಅವನಿಗೆ ಸಮಾಧಾನ ಮಾಡೋಕೆ ಹೋಗ್ಬೇಡಿ.

ಹಟ್ಟಿ ಹುಡ್ಗ

ಅಂದ್ರೆ ತೋಳ ಬಂದ್ರೆ ಬರ್ಲಿ ಅಂತಲಾ? ಕುರಿ ಸಾಕಿಲ್ಲದೋರ ಉತ್ತರ ಇದು.

ನಾಸ್ತಿಕ ನಾಗ

ಎಲ್ಲ ಸರಿ, ಒಂದು ಬೇಸಿಕ್ ಪ್ರಶ್ನೆ. ಕುರುಬ ಕುರಿ ಕಾಯೋದು ಯಾಕೆ? ಕುರಿ ಮೇಲಿನ ಪ್ರೀತಿಗಾ? ಕೊನೆಗೆ ಸಂತೇಲಿ ಹಗ್ಗ ಹಿಡಿದು ಕೊಡೋದೇ ತಾನೆ. ಗಾದೇನೇ ಇದ್ಯಲ್ಲ, ಕುರಿ ಕೊಬ್ಬಿದಷ್ಟೂ ಕುರುಬನಿಗೇ ಲಾಭ ಅಂತ. ದೇವರು ಕುರುಬ ನಾವು ಕುರಿ ಅಂದ್ರೆ ಯಾರೋ ನಮ್ಮನ್ನ ಮೇಯಿಸ್ತಿದಾರೆ ಅಂತ ಆಯ್ತು. ಅದೂ ಅಲ್ದೆ "ನನ್ನ ಕುರಿ ಮಾಡಿದ" ಅಂದ್ರೆ ನಮ್ಮಲ್ಲಿ ಮೋಸ ಹೋದೆ ಅಂತ. ಅದನ್ನೇ ಖುಷಿಯಾಗಿ ಹಾಡ್ಕೊಂಡು ಕೂತಿದೀರಿ.

ತುಂಗಭದ್ರೆ ಮಗಳು (ಹರಿಹರ)

ನಾಗಣ್ಣ ಬೆಳಿಗ್ಗೆ ಬೆಣ್ಣೆದೋಸೆ ತಿಂದಿಲ್ಲ ಅನ್ಸುತ್ತೆ 😀

ಪಾಸ್ಟರ್ ಮಗ

ನಾಗ ಅವರೆ, ನಿಮ್ಮ ಪ್ರಶ್ನೆ ಬೈಬಲೊಳಗೇ ಕೇಳಿಯಾಗಿದೆ, ನಿಮಗಿಂತ ಗಟ್ಟಿಯಾಗಿ. ಯೆಹೆಜ್ಕೇಲ 34 ಓದಿ. ಅಲ್ಲಿ ಇಸ್ರಾಯೇಲಿನ ಆಳೋರನ್ನೇ ಕುರುಬರು ಅಂತ ಕರೆದು ಪ್ರವಾದಿ ಬೈತಾನೆ. ಕೊಬ್ಬು ತಿಂತೀರಿ, ಉಣ್ಣೆ ಹೊದೀತೀರಿ, ಕೊಬ್ಬಿದ್ದನ್ನ ಕೊಯ್ತೀರಿ, ಕುರಿ ಮೇಯಿಸೋದು ಮಾತ್ರ ಇಲ್ಲ, ಕಾಲು ಮುರಿದಿದ್ದಕ್ಕೆ ಕಟ್ಟು ಕಟ್ಟಲಿಲ್ಲ, ಕಳೆದಿದ್ದನ್ನ ಹುಡುಕಲಿಲ್ಲ. ಕೊನೆಗೆ ದೇವರು, ನಿಮ್ಮ ಕೈಯಿಂದ ಮಂದೆ ಕಿತ್ಕೊಂಡು ನಾನೇ ಕಾಯ್ತೀನಿ ಅಂತಾನೆ. ಆ ಕಾಲಕ್ಕೆ ಬಾಬೆಲಿನಿಂದ ಐಗುಪ್ತದವರೆಗೆ (ಈಜಿಪ್ಟ್) ರಾಜರೆಲ್ಲ ತಮ್ಮನ್ನ ತಾವು ಪ್ರಜೆಗಳ ಕುರುಬರು ಅಂತ ಹೊಗಳ್ಕೊಳ್ತಿದ್ರು. ಹಂಗಾಗಿ 23ನೇ ಕೀರ್ತನೇಲಿ "ಯೆಹೋವನು ನನಗೆ ಕುರುಬನು" ಅಂತ ಒಬ್ಬ ಹೇಳಿದ್ರೆ ಅದರಲ್ಲಿ ಅರಮನೆಯವನು ಅಲ್ಲ ಅನ್ನೋದೂ ಸೇರಿರುತ್ತೆ.

ಕೋಟೆ ಕಲ್ಲು (ಚಿತ್ರದುರ್ಗ)

ನಾಗನ ಮಾತಿಗೆ ಇನ್ನೊಂದು ಸೇರಿಸ್ತೀನಿ. ಆಗಿನ ಪಲೆಸ್ತೀನಿನಲ್ಲಿ ಬಡವರು ದಿನಾ ಮಟನ್ ತಿಂತಿರಲಿಲ್ಲ, ಹಬ್ಬ, ಬಲಿ, ದೊಡ್ಡ ನೆಂಟರು ಬಂದಾಗ ಮಾತ್ರ. ಕುರಿ ಸಾಕ್ತಿದ್ದದ್ದು ಮುಖ್ಯವಾಗಿ ಉಣ್ಣೆಗೆ, ಹಾಲಿಗೆ. ವರ್ಷಾನುಗಟ್ಟಲೆ ಅದೇ ಕುರಿ, ಅದಕ್ಕೊಂದು ಹೆಸರು. ರಾಜ ದಾವೀದ ತಪ್ಪು ಮಾಡಿದಾಗ ಪ್ರವಾದಿ ನಾತಾನ ಹೇಳೋ ಕತೇಲಿ ಬಡವನ ಹತ್ರ ಇರೋದು ಒಂದೇ ಕುರಿಮರಿ, ಅದು ಅವನ ತಟ್ಟೇಲೇ ತಿಂದು ಅವನ ಮಗ್ಗುಲಲ್ಲೇ ಮಲಗ್ತಿತ್ತು. ಸಾಹುಕಾರ ಬಂದು ಅದನ್ನೇ ಕೊಯ್ದು ನೆಂಟನಿಗೆ ಅಡುಗೆ ಮಾಡಿಸ್ತಾನೆ. ಕುರಿ ತಿನ್ನೋದರ ಬಗ್ಗೆ ಆ ಪುಸ್ತಕಕ್ಕೆ ಭ್ರಮೆ ಏನಿಲ್ಲ.

ಬಲಿ ಕುರಿಮರೀನೇ (ಅಂದ್ರೆ ಯೇಸು) ಕುರುಬ ಆಗ್ತಾನೆ ಅನ್ನೋ ವಿಚಿತ್ರ ಮಾತೂ ಕಡೇ ಪುಸ್ತಕ ಪ್ರಕಟನೆಯಲ್ಲಿ ಇದೆ, 7ನೇ ಅಧ್ಯಾಯ. ನಾಗ ಅದಕ್ಕೇನಂತಾನೋ.

ನಾಸ್ತಿಕ ನಾಗ

ಕುರಿಮರಿ ಕುರುಬ ಆಗೋದು ಇಂಟರೆಸ್ಟಿಂಗ್. ಒಪ್ಪಿದೆ ಅಂತಲ್ಲ.

ರಾಯಲ್ ರಾಜು

ಇದು ಮತಾಂತರದ ಪೋಸ್ಟಾ? ದುರ್ಗದ ವೇದಿಕೇಲಿ ಯಾಕೆ?

ನಿರ್ವಾಹಕರು

ರಾಜು ಅವರೆ, ಕುರಿ ಬಗ್ಗೆ ಚರ್ಚೆ ನಡೀತಿದೆ, ಯಾರೂ ಯಾರನ್ನೂ ಕರೀತಿಲ್ಲ. ಇಷ್ಟ ಇಲ್ದಿದ್ರೆ ಅಡಿಕೆ ರೇಟಿನ ಚರ್ಚೆಗೆ ಹೋಗಿ. ಉಳಿದವರು ಇದಕ್ಕೆ ಉತ್ತರ ಕೊಡ್ಬೇಡಿ.

ಶರಣಮ್ಮನ ಮಗ್ಳು

ಕುರುಬ ದೇವರು ನಮಗೇನು ಹೊಸದಾ? ಬೀರಪ್ಪ, ಮೈಲಾರಲಿಂಗ ಎಲ್ಲ ಕುರಿ ಹಿಂಡಿನ ಮಧ್ಯದಿಂದಲೇ ಬಂದವರು. ಹಿರಿಯೂರು ಸಿರಾ ಕಡೆ ಗೊಲ್ಲರ ಜುಂಜಪ್ಪ, ಮ್ಯಾಸಬೇಡರ ಗಾದ್ರಿ ಪಾಲನಾಯಕ, ದನ ಕಾದವರೇ. ಮೊಳಕಾಲ್ಮುರು ಕಡೆ ದೇವರ ಎತ್ತು ಕಾಯೋ ಕಿಲಾರಿಗಳು ಇವತ್ತಿಗೂ ಇದಾರೆ. ಶರಣರಲ್ಲಿ ಗೊಲ್ಲಾಳಯ್ಯ ಕುರಿ ಹಿಕ್ಕೇನೇ ಲಿಂಗ ಅಂತ ಪೂಜೆ ಮಾಡಿದ. ಶಿವನಿಗೇ ಪಶುಪತಿ ಅಂತೀವಿ.

ಆದ್ರೆ ಒಂದು ವ್ಯತ್ಯಾಸ ನನಗೆ ಕಾಣೋದು. ನಮ್ಮ ಕತೆಗಳಲ್ಲಿ ಕುರಿ ಕಾಯೋನು ದೇವರಾಗ್ತಾನೆ ಇಲ್ಲ ಭಕ್ತನಾಗ್ತಾನೆ, ಕುರಿ ಕುರಿಯಾಗೇ ಇರುತ್ತೆ. ಇವರದ್ದರಲ್ಲಿ ಕೇಳೋನನ್ನ ಕುರಿ ಜಾಗದಲ್ಲಿ ನಿಲ್ಲಿಸ್ತಾರೆ. ಅದು ನನಗೆ ಸ್ವಲ್ಪ ಕಷ್ಟ.

ತುಂಗಭದ್ರೆ ಮಗಳು

ಅಕ್ಕ ಪಾಯಿಂಟ್ ಚೆನ್ನಾಗಿದೆ. ನಮ್ಮ ಮನೇಲಿ ಒಂದು ಕ್ಯಾಲೆಂಡರ್ ಫೋಟೋ ಇತ್ತು, ಎಲ್ರ ಮನೇಲೂ ಇರುತ್ತಲ್ಲ, ಯೇಸು ಕೈಯಲ್ಲಿ ಬಿಳಿ ಕುರಿಮರಿ, ಹಿಂದೆ ಸ್ವಿಟ್ಜರ್ಲೆಂಡ್ ಥರ ಹುಲ್ಲು, ಬಟ್ಟೆ ಮೇಲೆ ಒಂದು ಕಲೆ ಇಲ್ಲ. ನಾನು ಹರಿಹರದಲ್ಲೇ ಹುಟ್ಟಿ ಬೆಳೆದೋಳು, ಸೇತುವೆ ಹತ್ರ ಮಂದೆ ದಾಟೋವಾಗ ಆ ವಾಸನೆ, ಧೂಳು, ಕುರಿಯವರ ಕೂಗು ಎಲ್ಲ ನೋಡಿದೀನಿ. ಎರಡಕ್ಕೂ ಸಂಬಂಧಾನೇ ಅನ್ನಿಸ್ತಿರಲಿಲ್ಲ. ಆಮೇಲೆ 2013ರಲ್ಲಿ ಪೋಪ್ ಫ್ರಾನ್ಸಿಸ್ ಗುರುಗಳಿಗೆ ಹೇಳಿದ್ರಲ್ಲ, ನಿಮ್ಮ ಮೈಯಿಂದ ಕುರಿ ವಾಸನೆ ಬರ್ಬೇಕು ಅಂತ, ಆಗ ನಮ್ಮಮ್ಮ ಜೋರಾಗಿ ನಕ್ಕಿದ್ರು, ಕುರಿ ವಾಸನೆ ಅಂದ್ರೇನು ಅಂತ ಈಗ ಗೊತ್ತಾಯ್ತಾ ಅಂತ.

ನಮ್ಮ ಕ್ಯಾಥೊಲಿಕರಲ್ಲಿ ಈಸ್ಟರ್ ಕಾಲದ 4ನೇ ಭಾನುವಾರ ಒಳ್ಳೇ ಕುರುಬನ ಭಾನುವಾರ. ಬಿಷಪ್ ಕೈಲಿರೋ ಬಾಗಿದ ಕೋಲೂ ಕುರುಬನ ಕೋಲೇ. ಆರ್ಚ್‌ಬಿಷಪ್‌ಗಳು ಕುತ್ತಿಗೆ ಸುತ್ತ ಬಿಳಿ ಉಣ್ಣೆಯ ಪಟ್ಟಿ ಹಾಕ್ಕೊಳ್ತಾರೆ, ಪಾಲಿಯಂ ಅಂತ, ಹೆಗಲ ಮೇಲಿನ ಕುರಿಯ ಗುರುತು ಅದು. ರೋಮಿನಲ್ಲಿ ಜನವರಿ 21ಕ್ಕೆ ಸಂತ ಆಗ್ನೆಸ್ ಹಬ್ಬದ ದಿನ ಎರಡು ಕುರಿಮರಿಗಳನ್ನ ಆಶೀರ್ವದಿಸೋ ಪದ್ಧತಿ ಇದೆ, ಅವುಗಳ ಉಣ್ಣೇನೂ ಅದಕ್ಕೆ ಹೋಗುತ್ತೆ.

ಹಟ್ಟಿ ಹುಡ್ಗ

ನಮ್ ದೋಟಿ ತುದೀಲಿ ಕುಡುಗೋಲು ಇರ್ತದೆ ಅಕ್ಕ, ಜಾಲಿ ಕೊಂಬೆ ಎಳಿಯೋಕೆ. ಬಿಷಪ್‌ಗೆ ಅದನ್ನ ಕೊಟ್ರೆ ಜನ ಹತ್ರ ಬರಲ್ಲ.

ಕೋಟೆ ಕಲ್ಲು

ಕ್ಯಾಲೆಂಡರ್ ಫೋಟೋ ವಿಷಯ ಬಂತಲ್ಲ, ಇದು ನನ್ನ ಹುಚ್ಚು, ಸ್ವಲ್ಪ ಉದ್ದ ಆಗುತ್ತೆ. ಕ್ರೈಸ್ತರು ಬಿಡಿಸಿದ ಮೊಟ್ಟಮೊದಲ ಚಿತ್ರಗಳಲ್ಲಿ ಶಿಲುಬೆ ಕಾಣೋದೇ ಅಪರೂಪ, ಕುರುಬ ಬೇಕಾದಷ್ಟು. ರೋಮಿನ ನೆಲದಡಿಯ ಸಮಾಧಿಗಳಲ್ಲಿ, ಪ್ರಿಸಿಲ್ಲಾ, ಕಲಿಸ್ತುಸ್ ಅಂತ ಹೆಸರು, 3ನೇ ಶತಮಾನದ ಗೋಡೆ ಚಿತ್ರಗಳಿವೆ. ಗಡ್ಡ ಇಲ್ಲದ ಹರೆಯದ ಹುಡುಗ, ಮೊಣಕಾಲುದ್ದದ ಅಂಗಿ, ಹೆಗಲ ಮೇಲೆ ಕುರಿ. ಸಿರಿಯಾದ ಡೂರಾ ಯುರೋಪೋಸ್‌ನಲ್ಲಿ ದೀಕ್ಷಾಸ್ನಾನದ ತೊಟ್ಟಿ ಮೇಲೂ ಅದೇ ಕುರುಬ, ಅದೂ 3ನೇ ಶತಮಾನದ್ದೇ. ಆ ಭಂಗಿ ಗ್ರೀಕರದ್ದು, ಕುರಿ ಹೊತ್ತ ಅವರ ದೇವರು ಹರ್ಮಿಸ್ ಮೂರ್ತಿಗಳು ಶತಮಾನಗಳ ಹಿಂದಿನಿಂದ ಇದ್ವು. ಹೊರಗಿನವರು ನೋಡಿದ್ರೆ ಇದೂ ಯಾವುದೋ ಹಳ್ಳಿ ಚಿತ್ರ ಅನ್ನಿಸ್ಬಹುದಿತ್ತು, ಒಳಗಿನವರಿಗೆ ಅದರ ಅರ್ಥ ಗೊತ್ತು.

ಆಮೇಲೆ ರೋಮ್ ಸಾಮ್ರಾಜ್ಯವೇ ಕ್ರೈಸ್ತ ಆಯ್ತು. ಇಟಲಿಯ ರಾವೆನ್ನಾದಲ್ಲಿ 5ನೇ ಶತಮಾನದ ಮೊಸಾಯಿಕ್ (ಬಣ್ಣದ ಚೂರು ಜೋಡಿಸಿ ಮಾಡಿದ ಗೋಡೆ ಚಿತ್ರ) ನೋಡಿ, ಅದೇ ಕುರುಬ, ಆದ್ರೆ ಮೈಮೇಲೆ ಚಿನ್ನದ ಬಟ್ಟೆ, ಕೈಲಿ ದೋಟಿ ಬದಲು ಚಿನ್ನದ ಶಿಲುಬೆ, ಕುರಿಗಳು ಸುತ್ತ ಶಿಸ್ತಾಗಿ ಅವನ ಕಡೆ ನೋಡ್ತಿವೆ. ಹೆಗಲ ಮೇಲೆ ಯಾವುದೂ ಇಲ್ಲ. ನನಗೆ ಅಲ್ಲೇ ಚಿತ್ರ ಕೆಟ್ಟಿತು ಅನ್ಸುತ್ತೆ, ಕಲೆ ಅದ್ಭುತವಾಗಿದ್ರೂ.

ಇನ್ನು ಆ ಹಸಿರು ಹುಲ್ಲುಗಾವಲು. ಬೆತ್ಲೆಹೇಮಿನ ಪೂರ್ವಕ್ಕೆ ಯೂದಾಯದ ಮರುಭೂಮಿ ಶುರು ಆಗುತ್ತೆ. ಚಳಿಗಾಲದಲ್ಲಿ ನಾಲ್ಕು ಮಳೆ ಬಿದ್ರೆ ಕಲ್ಲಿನ ಸಂದೀಲಿ ಹುಲ್ಲು ಬರುತ್ತೆ, ಬೇಸಿಗೆಗೆ ಏನೂ ಇಲ್ಲ. 23ನೇ ಕೀರ್ತನೇಲಿ ಹಸಿರು, ನೀರು ಅಂತ ಅಷ್ಟು ಆಸೆಯಿಂದ ಹೇಳಿರೋದು ಅದಕ್ಕೇ. ಮಲೆನಾಡಿನವರಿಗಿಂತ ನಮ್ಮ ಬಯಲುಸೀಮೆಯವರಿಗೆ ಬೇಗ ಅರ್ಥ ಆಗ್ಬೇಕು. ಕಾರ್ಗತ್ತಲ ಕಣಿವೆ ಅಂದ್ರೂ ಅಷ್ಟೆ, ಕಡಿದಾದ ಕಲ್ಲುಗಳ ಮಧ್ಯದ ಇಕ್ಕಟ್ಟು ಹಳ್ಳ, ಮೇವಿನ ಜಾಗ ಬದಲಿಸ್ಬೇಕಂದ್ರೆ ಅದರೊಳಗೇ ಹೋಗ್ಬೇಕು.

ಬೆಂಗಳೂರು ಬಿಟ್ಟೋನು

ಒಂದು ಕನ್ವೆನ್ಷನ್ನಲ್ಲಿ ಬೋಧಕರು ಹೇಳಿದ್ದು ಇನ್ನೂ ನೆನಪಿದೆ. ಪದೇಪದೇ ತಪ್ಪಿಸ್ಕೊಳ್ಳೋ ಮರಿ ಇದ್ರೆ ಕುರುಬ ಬೇಕಂತಲೇ ಅದರ ಕಾಲು ಮುರೀತಾನಂತೆ, ಆಮೇಲೆ ವಾಸಿ ಆಗೋವರೆಗೂ ಹೆಗಲ ಮೇಲೆ ಹೊತ್ಕೊಂಡೇ ತಿರುಗ್ತಾನಂತೆ, ಆಮೇಲೆ ಅದು ಅವನನ್ನ ಬಿಟ್ಟು ಹೋಗೋದೇ ಇಲ್ವಂತೆ. ದೇವರು ಕಷ್ಟ ಕೊಡೋದೂ ಹಂಗೇ ಅಂತ. ಅರ್ಧ ಸಭೆ ಅಳ್ತಿತ್ತು.

ದನದ ಡಾಕ್ಟ್ರು (ಜಗಳೂರು, ನಿವೃತ್ತ)

ಇಷ್ಟೊತ್ತು ಸುಮ್ಮನೆ ಓದ್ತಿದ್ದೆ, ಈ ಕಾಲು ಮುರಿಯೋ ಕತೆ ಬಂದ ಮೇಲೆ ಕೂರೋಕಾಗ್ಲಿಲ್ಲ. ಕೆಲಸದಲ್ಲಿ ಇದ್ದಷ್ಟು ಕಾಲ ಕುರಿಗಳನ್ನೇ ನೋಡಿದೀನಿ. ಬೇಕಂತ ಮರಿ ಕಾಲು ಮುರಿಯೋ ಕುರಿಗಾಹಿಯನ್ನ ಇವತ್ತಿನವರೆಗೂ ಕಂಡಿಲ್ಲ. ಮುರಿದ ಕಾಲಿನ ಮರಿ ಮಂದೆ ಜೊತೆ ನಡೆಯಲ್ಲ, ಮೇಯಲ್ಲ, ಗಾಯಕ್ಕೆ ಹುಳ ಬೀಳುತ್ತೆ, ಎಷ್ಟೋ ಸಲ ಸತ್ತೇ ಹೋಗುತ್ತೆ. ವಾರಗಟ್ಟಲೆ ಒಂದನ್ನ ಹೊತ್ಕೊಂಡು ಉಳಿದಿದ್ದನ್ನ ಹೆಂಗ್ರೀ ಕಾಯೋದು? ಬೈಬಲಲ್ಲೂ ಇದು ಎಲ್ಲೂ ಇಲ್ಲ, ಪಾಸ್ಟರ್ ಮಗ ಇದ್ರೆ ಹೇಳ್ಲಿ. ಓಡಿಹೋಗೋ ಮರಿಗೆ ಕುತ್ತಿಗೆಗೆ ಮರದ ತುಂಡು ಕಟ್ತಾರೆ, ಇಲ್ಲ ದೊಡ್ಡ ಕುರಿ ಜೊತೆ ಜೋಡಿ ಹಾಕ್ತಾರೆ. ಮುಗೀತು.

ಹೊಸದಾಗಿ ಹುಟ್ಟಿದ ಮರಿ ಹೊರೋದು ಮಾತ್ರ ನಿಜ. ವಲಸೆ ದಾರೀಲೇ ಈಯುತ್ತೆ, ನಿಲ್ಲೋಕಾಗಲ್ಲ, ಒದ್ದೆ ಮರಿಯನ್ನ ಕಂಬಳಿ ಮಡಿಕೇಲಿ ಇಟ್ಕೊಂಡು ನಡೀತಾರೆ, ತಾಯಿ ಹಿಂದಿಂದೇ ಮೂಸ್ತಾ ಬರುತ್ತೆ.

ಪಾಸ್ಟರ್ ಮಗ

ಇಲ್ಲ ಡಾಕ್ಟ್ರೆ, ಎಲ್ಲೂ ಇಲ್ಲ. ಯೆಹೆಜ್ಕೇಲ 34ರಲ್ಲಿ ದೇವರು ಮುರಿದಿದ್ದನ್ನ ಕಟ್ತೀನಿ ಅಂತಾನೆ, ಮುರೀತೀನಿ ಅಂತಲ್ಲ. ನೀವು ಹೇಳಿದ ಕಂಬಳಿ ಮಡಿಕೆ ಯೆಶಾಯ 40:11ರಲ್ಲಿ ಇದೆ, ಮರಿಗಳನ್ನ ಎದೆಗಪ್ಪಿಕೊಂಡು ಹೋಗ್ತಾನೆ, ಹಾಲು ಕುಡಿಸೋ ಕುರಿಗಳನ್ನ ಮೆಲ್ಲಗೆ ನಡೆಸ್ತಾನೆ ಅಂತ.

ಇಂಥದ್ದೇ ಇನ್ನೊಂದು ಕೇಳಿರ್ತೀರಿ, 23ನೇ ಕೀರ್ತನೆಯ "ನನ್ನ ತಲೆಗೆ ಎಣ್ಣೆ ಹಚ್ಚಿಸುತ್ತೀ" ಅನ್ನೋದು ಕುರಿ ಮೂಗಿನ ನೊಣಕ್ಕೆ ಹಚ್ಚೋ ಎಣ್ಣೆ ಅಂತ.

ದನದ ಡಾಕ್ಟ್ರು

ಮೂಗಿನ ಹುಳ ಇರೋದು ನಿಜ, ಕುರಿ ತಲೆ ನೆಲಕ್ಕೆ ಉಜ್ಜಿ ಒದ್ದಾಡುತ್ತೆ. ಆದ್ರೆ ಆ ವಚನದಲ್ಲಿ ಊಟದ ಪಂಕ್ತಿ ಹಾಕಿದೆಯಲ್ಲಪ್ಪ, ಬಟ್ಟಲು ತುಂಬಿದೆ. ಕುರಿಗೆ ಪಂಕ್ತಿ ಯಾರು ಹಾಕ್ತಾರೆ.

ಪಾಸ್ಟರ್ ಮಗ

ಅದೇ. 5ನೇ ವಚನಕ್ಕೆ ಬರೋಷ್ಟೊತ್ತಿಗೆ ಕುರುಬ ಹೋಗಿ ಮನೆ ಯಜಮಾನ ಬಂದಿರ್ತಾನೆ. ಬಂದ ನೆಂಟರ ತಲೆಗೆ ಎಣ್ಣೆ ಹಚ್ಚೋ ಮರ್ಯಾದೆ ಅದು, ಯೇಸು ಕೂಡ ಊಟಕ್ಕೆ ಕರೆದ ಸೀಮೋನ ಅನ್ನೋ ಫರಿಸಾಯನ ಮನೇಲಿ ನನ್ನ ತಲೆಗೆ ನೀನು ಎಣ್ಣೆ ಹಚ್ಚಲಿಲ್ಲ ಅಂತ ಕೇಳ್ತಾನೆ.

ಹಟ್ಟಿ ಹುಡ್ಗ

ಎಲ್ಲ ಓದಿದೆ. ನನಗೊಂದು ಬೇಜಾರು ಐತೆ ಹೇಳೇಬಿಡ್ತೀನಿ. ಶಾಲೇಲಿ ಇದ್ದಾಗ ಯೋಹಾನ 10 ಓದಿಸಿದ್ರು. ಒಳ್ಳೇ ಕುರುಬ ಪ್ರಾಣ ಕೊಡ್ತಾನೆ, ಕೂಲಿಯಾಳು ಮಾತ್ರ ತೋಳ ಬಂದ್ರೆ ಕುರಿ ಬಿಟ್ಟು ಓಡಿಹೋಯ್ತಾನೆ, ಅವನಿಗೆ ಕುರಿ ಚಿಂತೆ ಇಲ್ಲ ಅಂತ. ನಮ್ಮಪ್ಪಂಗೆ ಆಗ ಸ್ವಂತ ಕುರಿ ಇರಲಿಲ್ಲ. ಊರ ಗೌಡ್ರ ಮಂದೆಗೆ ವರ್ಷಕ್ಕಿಷ್ಟು ಅಂತ ಸಂಬಳಕ್ಕೆ ಇದ್ರು. ಒಂದಿನ ರಾತ್ರಿ ತೋಳ ಬಲೆ ಹಾರಿ ಒಳಗೆ ಬಿತ್ತು. ಗೌಡ್ರು ಮನೇಲಿ ಮಲಗಿದ್ರು. ಬೆಂಕಿ ಕೊಳ್ಳಿ ಹಿಡ್ಕಂಡು ಒಳಗೆ ಹೋಗಿದ್ದು ನಮ್ಮಪ್ಪ, ಮೊಣಕೈ ಮೇಲೆ ಗುರುತು ಇನ್ನೂ ಐತೆ. ಬೆಳಿಗ್ಗೆ ಸತ್ತ ಕುರಿ ದುಡ್ಡು ಸಂಬಳದಲ್ಲಿ ಹಿಡಕಂಡ್ರು. ಈಗ ಹೇಳ್ರಿ ಕೂಲಿಯಾಳು ಯಾರು, ಒಳ್ಳೇ ಕುರುಬ ಯಾರು?

ನಾಸ್ತಿಕ ನಾಗ

ಈ ಚರ್ಚೆಯ ಬೆಸ್ಟ್ ಪೋಸ್ಟ್.

ತುಂಗಭದ್ರೆ ಮಗಳು

ಇದಕ್ಕೆ ಏನ್ ಹೇಳ್ಬೇಕೋ ಗೊತ್ತಾಗ್ತಿಲ್ಲ ಅಣ್ಣ.

ಪಾಸ್ಟರ್ ಮಗ

ಯೋಹಾನ 10ರ ಹಿಂದೆ ಯಾವ ಗಲಾಟೆ ಇದೆ ಅನ್ನೋದನ್ನ ಯಾರೂ ಹೇಳಲ್ಲ. 9ನೇ ಅಧ್ಯಾಯದಲ್ಲಿ ಹುಟ್ಟು ಕುರುಡನೊಬ್ಬನಿಗೆ ಕಣ್ಣು ಬಂದಿರುತ್ತೆ, ಅವನು ಸತ್ಯ ಹೇಳಿದ ಅಂತ ಧರ್ಮದ ಹಿರಿಯರು ಆಚೆ ಹಾಕ್ತಾರೆ. ಆ ಬಿಸೀಲೇ ಈ ಮಾತು. ಅಲ್ಲಿ ಕೂಲಿಯಾಳು ಅಂತ ಬೈಸ್ಕೊಳ್ಳೋನು ನಿಮ್ಮಪ್ಪನಂಥ ಬಡವ ಅಲ್ಲ, ಗೌಡಿಕೆ ಮಾಡ್ಕೊಂಡು ಕುರಿ ಕಷ್ಟಕ್ಕೆ ಆಗದೋನು.

ನಿಮ್ಮಪ್ಪನ ಕತೆ ಬೈಬಲಲ್ಲಿ ಬೇರೆ ಕಡೆ ಇದೆ. ಯಾಕೋಬ ಮಾವ ಲಾಬಾನನ ಹತ್ರ ಕೂಲಿಗೆ ಕುರಿ ಕಾಯ್ತಾನೆ, 20 ವರ್ಷ. ಕೊನೆಗೆ ಜಗಳ ಆದಾಗ ಆದಿಕಾಂಡ 31ರಲ್ಲಿ ಹೇಳ್ತಾನೆ, ಮೃಗ ಹರಿದುಹಾಕಿದ್ದನ್ನ ನಿನ್ನ ಮುಂದೆ ತರಲಿಲ್ಲ, ನಷ್ಟ ನಾನೇ ಹೊತ್ತೆ, ಹಗಲು ಬಿಸಿಲು ರಾತ್ರಿ ಚಳಿ ತಿಂದೆ, ಕಣ್ಣಿಗೆ ನಿದ್ದೆ ಇರಲಿಲ್ಲ, ಎಷ್ಟು ಸಲ ನನ್ನ ಸಂಬಳ ಬದಲಾಯಿಸಿದೆ ಅಂತ. ಅದೇ ಯಾಕೋಬ ಸಾಯೋಕೆ ಮುಂಚೆ ಮೊಮ್ಮಕ್ಕಳನ್ನ ಆಶೀರ್ವದಿಸೋವಾಗ, ಹುಟ್ಟಿದಾಗಿಂದ ಇವತ್ತಿನವರೆಗೂ ನನ್ನನ್ನ ಕುರುಬನ ಹಾಗೆ ಕಾದ ದೇವರು ಅಂತಾನೆ. 23ನೇ ಕೀರ್ತನೆಗೆ ಮೊದಲೇ ಬರೋ ಮಾತು ಅದು, ಹೇಳಿದವನು ಸಂಬಳಕ್ಕೆ ಕುರಿ ಕಾದವನು. ಕಾಯೋದು ಅಂದ್ರೆ ಏನು ಅಂತ ಅವನಿಗೆ ಗೊತ್ತಿತ್ತು, ಕ್ಯಾಲೆಂಡರ್ ನೋಡಿ ಹೇಳಿದ್ದಲ್ಲ.

ದನದ ಡಾಕ್ಟ್ರು

ಸಂಬಳದಲ್ಲಿ ಹಿಡ್ಕೊಂಡಿದ್ದು ಅನ್ಯಾಯ ಕಣಪ್ಪ. ಮೋಶೆ ಕಾನೂನಲ್ಲೇ ಕಾಡುಮೃಗ ಕೊಂದಿದ್ದನ್ನ ಸಾಕ್ಷಿಗೆ ತಂದು ತೋರಿಸಿದ್ರೆ ಕಾಯೋನು ದಂಡ ಕೊಡಬೇಕಿಲ್ಲ ಅಂತ ಇದೆ, ವಿಮೋಚನಕಾಂಡ 22. ಪ್ರವಾದಿ ಆಮೋಸ, ಅವನೂ ತೆಕೋವದ ಕುರಿಯವನೇ, ಸಿಂಹದ ಬಾಯಿಂದ ಕುರುಬ ಎರಡು ಕಾಲೋ ಕಿವಿ ತುಂಡೋ ಕಿತ್ಕೊಂಡು ಬರ್ತಾನೆ ಅಂತಾನೆ. ಅದು ಸಾಕ್ಷಿಗೆ ಅಂತ ವ್ಯಾಖ್ಯಾನಕಾರರು ಹೇಳ್ತಾರೆ. ನಾನು ಕುರಿ ವಿಮೆ ಕೆಲಸ ನೋಡ್ತಿದ್ದಾಗ ಇದನ್ನ ಓದಿ ಬೆಚ್ಚಿಬಿದ್ದಿದ್ದೆ. ಇವತ್ತಿಗೂ ಕುರಿ ಸತ್ರೆ ವಿಮೆಗೆ ಕಿವಿ ಓಲೆ (ಕಿವಿಗೆ ಹಾಕೋ ನಂಬರಿನ ಟ್ಯಾಗ್) ತೋರಿಸ್ಬೇಕು, ಓಲೆ ಇಲ್ಲ ಅಂದ್ರೆ ದುಡ್ಡಿಲ್ಲ. ತೋಳ ತಿಂದ ಕುರಿ ಕಿವಿ ಹುಡುಕ್ತಾ ಬೇಲಿ ಸಂದೀಲಿ ಬಗ್ಗಿ ನಡೆಯೋರನ್ನ ನೋಡಿದೀನಿ.

ಮಂಡಕ್ಕಿ ಮೇಷ್ಟ್ರು

ನಾನು ಕೇಳಿದ್ದು ಒಂದು, ಸಿಕ್ಕಿದ್ದು ಇಷ್ಟು. ಕಾಲು ಮುರಿಯೋ ಕತೆ ಕೇಳಿದವರು ಯಾರೂ ಮಕ್ಕಳಿಗೆ ಹೇಳ್ಬೇಡ್ರಿ ದಯವಿಟ್ಟು. 99ರ ವಿಷಯದಲ್ಲಿ ಹಟ್ಟಿ ಹುಡ್ಗ ಮತ್ತೆ ಪಾಸ್ಟರ್ ಮಗ ಇಬ್ಬರ ಮಾತನ್ನೂ ಕ್ಲಾಸಲ್ಲಿ ಇಡ್ತೀನಿ, ಮಕ್ಕಳೇ ಜಗಳ ಆಡ್ಲಿ.

ಬೆಂಗಳೂರು ಬಿಟ್ಟೋನು

ಸೈಡಲ್ಲಿ ಒಂದು ಪ್ರಶ್ನೆ, ಚಳ್ಳಕೆರೇಲಿ ಒಳ್ಳೇ ಕಂಬಳಿ ತಗೋಬೇಕಂದ್ರೆ ಹೆಂಗೆ ನೋಡಿ ತಗೊಳ್ಳೋದು? ಮಿಕ್ಸಿಂಗ್ ಜಾಸ್ತಿ ಅಂತಾರೆ.

ದನದ ಡಾಕ್ಟ್ರು

ಒಂದೆಳೆ ಕಿತ್ತು ಸುಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದ್ರೆ ಉಣ್ಣೆ, ಕರಗಿ ಗಟ್ಟಿ ಉಂಡೆ ಆದ್ರೆ ಪ್ಲಾಸ್ಟಿಕ್ ನೂಲು.

ಹಟ್ಟಿ ಹುಡ್ಗ

ಪಾಸ್ಟರ್ ಮಗ ಅವರೆ, ಯಾಕೋಬನ ಕತೆ ರಾತ್ರಿ ನಮ್ಮಪ್ಪಂಗೆ ಓದಿ ಹೇಳಿದೆ. ಸಂಬಳ ಬದಲಾಯಿಸಿದ್ದು ಕೇಳಿ "ಎಲ್ಲ ಕಡೆ ಅದೇ ಬಾಳು" ಅಂದ್ರು. ಆಮೇಲೆ ಕೊನೆಗೆ ಅವನ ಕೈಗೆ ಎಷ್ಟು ಕುರಿ ಬಂತು ಅಂತ ಕೇಳಿದ್ರು. ಹೇಳ್ರಿ.

ಪಾಸ್ಟರ್ ಮಗ

ಎಷ್ಟು ಅಂತ ಇಲ್ಲ, ಬಹಳ ಅಂತ ಇದೆ. ಹಿಂದಿನ ಅಧ್ಯಾಯದಲ್ಲೇ ಅವನ ಕರಾರು ಇದೆ. ಬಿಳಿ ಕುರಿ ಎಲ್ಲ ನಿನಗಿರಲಿ, ಮಂದೇಲಿ ಹುಟ್ಟೋ ಕಪ್ಪು ಮರಿ, ಮಚ್ಚೆ ಇರೋ ಆಡು ನನ್ನ ಸಂಬಳ ಅಂತ. ಲಾಬಾನ ಸಲೀಸಾಗಿ ಒಪ್ಕೊಂಡ, ಕಪ್ಪು ಮರಿ ಎಷ್ಟು ಮಹಾ ಹುಟ್ತವೆ ಅಂತ.

ಹಟ್ಟಿ ಹುಡ್ಗ

ಓದಿದೆ. ನಮ್ಮಪ್ಪ ನಕ್ಕಿದ್ದೇ ನಕ್ಕಿದ್ದು. "ಕರಿ ಕುರಿ ಕೇಳಿದ್ನಾ? ಕಂಬಳಿಗೆ ಬಣ್ಣಾನೇ ಬೇಡ, ಕಸುಬು ಗೊತ್ತಿದ್ದೋನೇ ಬಿಡು" ಅಂದ್ರು. ಮುಂದಿನ ಕತೆ ಇವತ್ತು ರಾತ್ರಿ ಓದ್ಬೇಕಂತೆ, ಯಾವ ಅಧ್ಯಾಯ ಅಂತ ಹಾಕ್ರಿ.